ಸತೀರ್ಥ್ಯ ಋಣ

ಶಾಲೆಯ ಕೊನೆಯ ವರ್ಷ ಮುಗಿಸಿ ಹೊರಡುವ ಮಕ್ಕಳಿಗಾಗಿ ಪುಣೆಯ ಶಾಲೆಗಳಲ್ಲಿ ನಡೆಯುವ ಕೂಟಕ್ಕೆ ಮರಾಠಿಯಲ್ಲಿ 'ನಿರೋಪ ಸಮಾರಂಭ' ಎಂದು ಹೆಸರು. ಅದೇ ಊರಿನ ಕನ್ನಡ ಮನೆಗಳಲ್ಲಿ ಅದನ್ನು ಬೀಳ್ಕೊಡುಗೆ ಎಂದೋ, ಬಳಕೆಯ ಮಾತಿನಲ್ಲಿ ಸೆಂಡಾಫ್ ಎಂದೋ ಕರೆಯುತ್ತಾರೆ. ಮರಾಠಿಯ ನಿರೋಪಕ್ಕೆ ಹೇಳಿಕಳುಹಿಸಿದ ಸುದ್ದಿ ಎಂಬ ಅರ್ಥವೂ ಉಂಟು, ಹೊರಡುವವರು ಪಡೆಯುವ ಅಪ್ಪಣೆ ಎಂಬ ಅರ್ಥವೂ ಉಂಟು. ಕನ್ನಡದ ಶಾಸನಗಳಲ್ಲಿ ಅರಸನ ಆಜ್ಞೆಯನ್ನು 'ನಿರೂಪ' ಎಂದಿರುವುದನ್ನು ಬಲ್ಲವರಿಗೆ ಈ ಪದದ ಬಳಗ ಅಪರಿಚಿತವಲ್ಲ. ಕನ್ನಡದ ಮಾತಿನಲ್ಲಿರುವ ಸೂಕ್ಷ್ಮ ಬೇರೆಯದು. ಹೊರಡುವವರು ಬೀಳ್ಕೊಳ್ಳುತ್ತಾರೆ, ಉಳಿಯುವವರು ಬೀಳ್ಕೊಡುತ್ತಾರೆ. ಹತ್ತನೆಯ ತರಗತಿಯವರನ್ನು ಬೀಳ್ಕೊಡುವವರು ಒಂಬತ್ತನೆಯವರು ಮತ್ತು ಶಿಕ್ಷಕರು. ಒಂದೇ ತರಗತಿಯಲ್ಲಿ ಹತ್ತು ವರ್ಷ ಕೂತೆದ್ದವರು ಒಬ್ಬರನ್ನೊಬ್ಬರು ಬೀಳ್ಕೊಡುವುದಕ್ಕೆ, ಎಲ್ಲರೂ ಹೊರಡುವವರೇ ಆಗಿರುವುದರಿಂದ, ವ್ಯಾಕರಣದಲ್ಲೂ ಎಡೆಯಿಲ್ಲ, ವಿಧಿಯಲ್ಲೂ ಎಡೆಯಿಲ್ಲ. ಹಾಗಾದರೆ ಅವರು ಪರಸ್ಪರರಿಗೆ ಏನಾಗಿದ್ದರು, ಕೂಡಿ ಕಳೆದ ಆ ಕಾಲವನ್ನು ಹಿಂತಿರುಗಿ ನೋಡುವುದು ಬರಿಯ ಭಾವುಕತೆಯೋ ಅಥವಾ ಅದರಲ್ಲಿ ಧರ್ಮದ, ಎಂದರೆ ಮಾಡಲೇಬೇಕಾದ ಕರ್ತವ್ಯದ, ಅಂಶವೇನಾದರೂ ಇದೆಯೋ ಎಂಬ ಪ್ರಶ್ನೆಯನ್ನು ಭಾರತೀಯ ಚಿಂತನೆ ನೇರವಾಗಿ ಎತ್ತಿಕೊಂಡದ್ದು ಕಡಿಮೆ. ಆದರೆ ಅದಕ್ಕೆ ಬೇಕಾದ ಪದಗಳನ್ನೂ ಕಥೆಗಳನ್ನೂ ಅದು ಧಾರಾಳವಾಗಿ ಉಳಿಸಿಹೋಗಿದೆ.

ವಿದ್ಯಾಭ್ಯಾಸ ಮುಗಿಸಿ ಗುರುಕುಲದಿಂದ ಮನೆಗೆ ಮರಳುವ ಸಂಸ್ಕಾರವನ್ನು ಪ್ರಾಚೀನರು 'ಸಮಾವರ್ತನ' ಎಂದರು. ಆ ದಿನ ಶಿಷ್ಯನು ವಿಧಿವತ್ತಾಗಿ ಮೀಯುತ್ತಿದ್ದುದರಿಂದ ಅವನು 'ಸ್ನಾತಕ', ಎಂದರೆ ಮಿಂದವನು, ಎನಿಸಿಕೊಂಡನು. ಇಂದಿನ ವಿಶ್ವವಿದ್ಯಾಲಯಗಳು ಪದವಿಯನ್ನು ಸ್ನಾತಕವೆಂದೂ ಅದರ ಮೇಲಿನದನ್ನು ಸ್ನಾತಕೋತ್ತರವೆಂದೂ ಕರೆಯುವಾಗ ಆ ಮರೆತ ಸ್ನಾನದ ಒಂದೆರಡು ಹನಿ ಇನ್ನೂ ಆರದೆ ಉಳಿದಿವೆ. ಗೃಹ್ಯಸೂತ್ರಗಳು, ಎಂದರೆ ಮನೆಯ ಸಂಸ್ಕಾರಗಳನ್ನು ವಿಧಿಸುವ ಗ್ರಂಥಗಳು, ಸ್ನಾತಕರಲ್ಲಿ ಮೂರು ಬಗೆಯನ್ನು ಹೇಳುತ್ತವೆ: ಓದು ಮುಗಿಸಿ ವ್ರತದ ಅವಧಿ ಮುಗಿಸದವನು ವಿದ್ಯಾಸ್ನಾತಕ, ವ್ರತದ ಅವಧಿ ಮುಗಿಸಿ ಓದು ಮುಗಿಸದವನು ವ್ರತಸ್ನಾತಕ, ಎರಡನ್ನೂ ಮುಗಿಸಿದವನು ವಿದ್ಯಾವ್ರತಸ್ನಾತಕ. ಓದು ಪೂರೈಸಲಾರದವನನ್ನೂ ಮಿಂದವನೆಂದೇ ಒಪ್ಪಿಕೊಂಡ ಈ ಔದಾರ್ಯ ಈಗಿನ ಪರೀಕ್ಷಾ ಮಂಡಳಿಗಳಿಗೆ ದಕ್ಕಿಲ್ಲವೆನ್ನಬೇಕು.

ಸಮಾವರ್ತನದ ಸಂದರ್ಭದಲ್ಲಿ ಆಚಾರ್ಯನು ಕೊಡುವ ಉಪದೇಶ ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯ ಹನ್ನೊಂದನೆಯ ಅನುವಾಕದಲ್ಲಿದೆ. ಸತ್ಯವನ್ನು ನುಡಿಯಬೇಕು, ಕಲಿತದ್ದನ್ನು ಬಿಡಬಾರದು, ತಾಯಿ ತಂದೆ ಆಚಾರ್ಯ ಅತಿಥಿಗಳನ್ನು ದೇವರಂತೆ ಕಾಣಬೇಕು, ಕೊಡುವುದನ್ನು ಶ್ರದ್ಧೆಯಿಂದ ಕೊಡಬೇಕು ಎಂದೆಲ್ಲ ಹೇಳುವ ಆ ಉಪದೇಶದಲ್ಲಿ ಜೊತೆಯಲ್ಲಿ ಓದಿದವನ ಹೆಸರೇ ಬರುವುದಿಲ್ಲ; ಇಡೀ ಮಾತು 'ಅಂತೇವಾಸಿ'ಯನ್ನು, ಎಂದರೆ ಗುರುವಿನ ಸಮೀಪದಲ್ಲಿ ವಾಸಿಸಿದ ಶಿಷ್ಯನನ್ನು, ಏಕವಚನದಲ್ಲಿ ಉದ್ದೇಶಿಸಿದೆ. ಪಾಠದ ಆರಂಭದಲ್ಲಿ ಹೇಳುವ ಪ್ರಸಿದ್ಧ ಶಾಂತಿಮಂತ್ರವೂ ದ್ವಿವಚನದಲ್ಲಿದ್ದು, ಅಲ್ಲಿರುವವರು ಗುರು ಮತ್ತು ಶಿಷ್ಯ ಇಬ್ಬರೇ. ಶಿಷ್ಯರು ಬಹುವಚನದಲ್ಲಿ ಕಾಣಿಸಿಕೊಳ್ಳುವುದು ಅದೇ ವಲ್ಲಿಯ ನಾಲ್ಕನೆಯ ಅನುವಾಕದಲ್ಲಿ, ತಗ್ಗಿನತ್ತ ನೀರು ಹರಿದುಬರುವಂತೆ ಬ್ರಹ್ಮಚಾರಿಗಳು ಎಲ್ಲ ಕಡೆಯಿಂದಲೂ ತನ್ನೆಡೆಗೆ ಬರಲಿ ಎಂದು ಆಚಾರ್ಯನು ಪ್ರಾರ್ಥಿಸುವಾಗ. ಬರುವಾಗ ಅನೇಕರಾಗಿ ಹರಿದುಬಂದವರು ಹೋಗುವಾಗ ಒಬ್ಬೊಬ್ಬರಾಗಿ ಹೋಗುತ್ತಾರೆ. ನಡುವೆ ಆ ನೀರುಗಳು ಒಂದಾಗಿ ನಿಂತ ಕಾಲದ ಬಗ್ಗೆ ಉಪನಿಷತ್ತು ಮೌನವಾಗಿದೆ.

ಆ ಮೌನವನ್ನು ತುಂಬುವ ಪದ ವ್ಯಾಕರಣದಲ್ಲಿ ಸಿಗುತ್ತದೆ. ಪಾಣಿನಿಯ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದ ಒಂದು ಸೂತ್ರ, ಸಮಾನವಾದ ತೀರ್ಥದಲ್ಲಿ ವಾಸಿಸುವವನು ಎಂಬ ಅರ್ಥದಲ್ಲಿ, 'ಸತೀರ್ಥ್ಯ' ಎಂಬ ಶಬ್ದಕ್ಕೆ ದಾರಿ ಮಾಡಿಕೊಡುತ್ತದೆ. ತೀರ್ಥವೆಂದರೆ ಮೂಲದಲ್ಲಿ ಹೊಳೆಯನ್ನು ದಾಟುವ ಕಡವು, ನೀರಿಗಿಳಿಯುವ ಮೆಟ್ಟಿಲು. ಬಳಿಕ ಪವಿತ್ರ ಜಲ. ಇಲ್ಲಿ, ದಾಟಿಸುವವನಾದ್ದರಿಂದ, ಗುರು. ಜೊತೆಯಲ್ಲಿ ಪಾಠ ಓದಿದವನು ಎಂದಷ್ಟೇ ಹೇಳುವ 'ಸಹಪಾಠಿ'ಗಿಂತ ಈ ಪದ ಹೆಚ್ಚು ಆಳವಾದುದು, ಏಕೆಂದರೆ ಅದು ಇಬ್ಬರ ಸಂಬಂಧವನ್ನು ಅವರ ಪರಸ್ಪರ ಪ್ರೀತಿಯ ಮೇಲೆ ನಿಲ್ಲಿಸದೆ, ಇಬ್ಬರೂ ಇಳಿದ ಒಂದೇ ನೀರಿನ ಮೇಲೆ ನಿಲ್ಲಿಸುತ್ತದೆ. ಗೆಳೆಯನನ್ನು ಆರಿಸಿಕೊಳ್ಳಬಹುದು, ಬಿಡಲೂಬಹುದು. ಸತೀರ್ಥ್ಯನನ್ನು ಯಾರೂ ಆರಿಸಿಕೊಂಡಿರುವುದಿಲ್ಲವಾದ್ದರಿಂದ ಬಿಡುವ ಮಾತೂ ಅಷ್ಟು ಸುಲಭವಲ್ಲ. ಆ ದೃಷ್ಟಿಯಿಂದ ಈ ನಂಟು ಸ್ನೇಹಕ್ಕಿಂತ ಒಡಹುಟ್ಟುವಿಕೆಗೆ ಹತ್ತಿರವಾದುದು.

ಆರಿಸಿಕೊಳ್ಳದೆ ಬಂದ ಸಂಬಂಧಗಳನ್ನು ವೈದಿಕ ಚಿಂತನೆ 'ಋಣ' ಎಂಬ ಪರಿಭಾಷೆಯಲ್ಲಿ ವಿವರಿಸುತ್ತದೆ. ಹುಟ್ಟುತ್ತಲೇ ಬ್ರಾಹ್ಮಣನ ಮೇಲೆ ಮೂರು ಋಣಗಳಿವೆಯೆಂದೂ, ಋಷಿಗಳದನ್ನು ಬ್ರಹ್ಮಚರ್ಯದಿಂದ, ದೇವತೆಗಳದನ್ನು ಯಜ್ಞದಿಂದ, ಪಿತೃಗಳದನ್ನು ಸಂತಾನದಿಂದ ತೀರಿಸಬೇಕೆಂದೂ ತೈತ್ತಿರೀಯ ಸಂಹಿತೆ ಹೇಳಿದರೆ, ಶತಪಥ ಬ್ರಾಹ್ಮಣ ಇವುಗಳೊಡನೆ ನಾಲ್ಕನೆಯದಾಗಿ ಮನುಷ್ಯರ ಋಣವನ್ನು ಸೇರಿಸಿ, ಅದು ಮನೆಗೆ ಬಂದವರಿಗೆ ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ತೀರುತ್ತದೆ ಎನ್ನುತ್ತದೆ. ಶಾಲೆಯ ಓದು ಋಷಿಋಣದ ಖಾತೆಗೆ ಸೇರುವುದು ಸಹಜವಾಗಿ ಕಂಡರೂ, ಪಕ್ಕದಲ್ಲಿ ಕೂತು ಓದಿದವನ ಋಣ ಸೇರುವುದು ಈ ನಾಲ್ಕನೆಯದಕ್ಕೆ. ಈ ಸಾಲದ ಲೆಕ್ಕವನ್ನು ಯಾರು ಎತ್ತಬೇಕು, ಕೊಡಬೇಕಾದವನೋ ಪಡೆಯಬೇಕಾದವನೋ ಎಂಬಲ್ಲಿ ಇಡೀ ಪ್ರಶ್ನೆ ಗಂಟುಬಿದ್ದಿದೆ; ಎರಡು ಹಳೆಯ ಕಥೆಗಳು ಅದನ್ನು ಎರಡು ಬಗೆಯಲ್ಲಿ ಬಿಡಿಸಲು ನೋಡುತ್ತವೆ.

ಮೊದಲನೆಯದು ದ್ರೋಣ ದ್ರುಪದರ ಕಥೆ; ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಸಂಶೋಧಿತ ಆವೃತ್ತಿಯಲ್ಲೂ ಅದು ಆದಿಪರ್ವದಲ್ಲೇ ಬರುತ್ತದೆ. ಜೊತೆಯಲ್ಲಿ ಕಲಿತ ರಾಜಕುಮಾರ ಈಗ ಪಾಂಚಾಲದ ಅರಸನಾಗಿದ್ದಾನೆಂದು ಕೇಳಿ, ಬಡತನದಿಂದ ಬೆಂದ ದ್ರೋಣನು ಅವನ ಬಳಿ ಹೋಗಿ ಗೆಳೆಯನೆಂದು ಕರೆದಾಗ, ದ್ರುಪದನು ಅರಸನಿಗೂ ಬಡವನಿಗೂ ಗೆಳೆತನವೆಲ್ಲಿಯದು, ಕಾಲ ಕಳೆದಂತೆ ಸ್ನೇಹಗಳೂ ಸವೆಯುತ್ತವೆ ಎಂಬ ಅರ್ಥದ ಮಾತುಗಳಿಂದ ಅವನನ್ನು ಹಿಂದಟ್ಟುತ್ತಾನೆ. ಮುಂದೆ ದ್ರೋಣನು ತನ್ನ ಶಿಷ್ಯರಿಂದ ದ್ರುಪದನನ್ನು ಸೆರೆಹಿಡಿಸಿ, ಅರ್ಧ ರಾಜ್ಯವನ್ನು ತಾನಿಟ್ಟುಕೊಂಡು ಅರ್ಧವನ್ನು ಹಿಂತಿರುಗಿಸಿ, ಈಗ ಇಬ್ಬರೂ ಸಮಾನರಾದ್ದರಿಂದ ಗೆಳೆಯರಾಗಬಹುದು ಎನ್ನುತ್ತಾನೆ. ಆ ಅವಮಾನದ ಬೆಂಕಿಯಲ್ಲಿ ಹುಟ್ಟಿದ ಧೃಷ್ಟದ್ಯುಮ್ನನು ದ್ರೋಣನಲ್ಲೇ ಅಸ್ತ್ರವಿದ್ಯೆ ಕಲಿತು ಕೊನೆಗೆ ಅವನ ತಲೆಯನ್ನೇ ಕತ್ತರಿಸುತ್ತಾನೆ. ಇಲ್ಲಿ ಇಬ್ಬರೂ ತಪ್ಪಿದ್ದಾರೆ. ದ್ರುಪದನು ಋಣವನ್ನೇ ಅಲ್ಲಗಳೆದ. ದ್ರೋಣನು ನೆನಪನ್ನು ಸಾಲಪತ್ರವೆಂದು ತಿಳಿದು ವಸೂಲಿಗೆ ನಿಂತ.

ಎರಡನೆಯದು ಭಾಗವತದ ಹತ್ತನೆಯ ಸ್ಕಂಧದಲ್ಲಿ ಬರುವ, ಕೃಷ್ಣನ ಜೊತೆಯಲ್ಲಿ ಓದಿದ, ಕನ್ನಡಿಗರು ಕುಚೇಲನೆಂದು ಕರೆಯುವ ಬಡ ಬ್ರಾಹ್ಮಣನ ಕಥೆ. ಅವನು ತಂದ ಅವಲಕ್ಕಿಯ ಗಂಟನ್ನು ಎಲ್ಲರೂ ನೆನೆಯುತ್ತಾರಾದರೂ, ಈ ವಿಚಾರಕ್ಕೆ ಮುಖ್ಯವಾದ ಭಾಗ ಅದಲ್ಲ. ದ್ವಾರಕೆಗೆ ಬಂದ ಅತಿಥಿ ಏನನ್ನೂ ಕೇಳುವುದಿಲ್ಲ, ಹಳೆಯ ದಿನಗಳ ಮಾತನ್ನೂ ತಾನಾಗಿ ತೆಗೆಯುವುದಿಲ್ಲ; ಅವನನ್ನು ಮಂಚದ ಮೇಲೆ ಕೂರಿಸಿ ಕಾಲು ತೊಳೆದ ಮೇಲೆ, ಗುರು ಸಾಂದೀಪನಿಯ ಮನೆಯ ದಿನಗಳ ಮಾತನ್ನು ತೆಗೆಯುವವನು ಕೃಷ್ಣ. ಗುರುಪತ್ನಿ ಸೌದೆ ತರಲು ಕಳಿಸಿದ್ದು, ಕಾಡಿನಲ್ಲಿ ಅಕಾಲದ ಬಿರುಗಾಳಿ ಮಳೆ ಹೊಡೆದದ್ದು, ಕತ್ತಲಲ್ಲಿ ದಿಕ್ಕುಗಾಣದೆ ಒಬ್ಬರ ಕೈಯನ್ನೊಬ್ಬರು ಹಿಡಿದು ಅಲೆದದ್ದು, ಬೆಳಗಾದ ಮೇಲೆ ಗುರುವೇ ಹುಡುಕಿಕೊಂಡು ಬಂದದ್ದು, ಇವೆಲ್ಲವನ್ನೂ ಅವನು ಒಂದೊಂದಾಗಿ ಎತ್ತಿ ನಿನಗೆ ನೆನಪಿದೆಯೇ ಎಂಬಂತೆ ಕೇಳುತ್ತಾನೆ. ಇರುವವನು ನೆನೆದಾಗ ನೆನಪು ಋಣವಾಗುತ್ತದೆ, ಇಲ್ಲದವನಿಂದ ಅದನ್ನು ಕೇಳಿಸಿಕೊಳ್ಳುವ ಸ್ಥಿತಿ ಬಂದಾಗ ಅದು ಭಿಕ್ಷೆಯೋ ಬೆದರಿಕೆಯೋ ಆಗಿಬಿಡುತ್ತದೆ. ಆದುದರಿಂದ ಕೂಡಿ ಕಳೆದ ವರ್ಷಗಳನ್ನು ನೆನೆಯುವ ಹೊಣೆ ಯಾವಾಗಲೂ ಹೆಚ್ಚು ದೂರ ಸಾಗಿದವನದು ಎಂಬುದು ಈ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟಾಗ ಹೊರಡುವ ತೀರ್ಮಾನ.

ಆದರೆ ನೆನಪನ್ನೇ ನಂಬಬಹುದೇ ಎಂಬ ಆಕ್ಷೇಪ ಉಳಿದಿದೆ. ನೈಯಾಯಿಕರು, ಎಂದರೆ ತರ್ಕವನ್ನೇ ಮುಖ್ಯ ಸಾಧನವಾಗಿಸಿಕೊಂಡ ದರ್ಶನದವರು, ಸ್ಮೃತಿಯನ್ನು 'ಪ್ರಮೆ', ಎಂದರೆ ಯಥಾರ್ಥವಾದ ಹೊಸ ಅನುಭವ, ಎಂದು ಒಪ್ಪುವುದಿಲ್ಲ. ಅದು ಹಿಂದಿನ ಅನುಭವ ಬಿಟ್ಟುಹೋದ ಸಂಸ್ಕಾರದಿಂದ ಮಾತ್ರ ಹುಟ್ಟುವಂಥದು. ಎಲ್ಲವೂ ಕ್ಷಣಿಕವೆಂದ ಬೌದ್ಧರ ಪ್ರಕಾರ ಅಂದಿನ ಹುಡುಗನೂ ಇಂದಿನ ಮನುಷ್ಯನೂ ಒಬ್ಬನೇ ಎಂಬುದೇ ಒಂದು ಆರೋಪ, 'ಸಂತಾನ'ವಾಗಿ, ಎಂದರೆ ಬಿಡದ ಸಾಲಾಗಿ, ಹರಿಯುವ ಕ್ಷಣಗಳ ಮೇಲೆ ಹೊದಿಸಿದ ಹೆಸರು. ದ್ರುಪದನು ಬೌದ್ಧನಲ್ಲ, ಆದರೂ ಅನುಕೂಲ ಬಿದ್ದಾಗ ಕ್ಷಣಿಕವಾದಿಯಾಗುವ ಶ್ರೀಮಂತರ ಪರಂಪರೆಗೆ ಅವನೇ ಆದಿಪುರುಷನಿರಬೇಕು. ಇದಕ್ಕೆ ಎದುರಾಗಿ ಕರ್ನಾಟಕದ ನೆಲದೊಡನೆ ಗಾಢವಾಗಿ ಬೆಸೆದುಕೊಂಡ ಎರಡು ದರ್ಶನಗಳು ಸ್ಮೃತಿಯ ಪರವಾಗಿ ನಿಂತಿರುವುದು ಗಮನಾರ್ಹ. ಜೈನ ತಾರ್ಕಿಕರು ಪರೋಕ್ಷ ಪ್ರಮಾಣದ, ಎಂದರೆ ನೇರವಲ್ಲದ ಸರಿಯಾದ ಅರಿವಿನ, ಐದು ಬಗೆಗಳಲ್ಲಿ ಸ್ಮೃತಿಯನ್ನೂ, 'ಇವನೇ ಅವನು' ಎಂದು ಗುರುತಿಸುವ 'ಪ್ರತ್ಯಭಿಜ್ಞೆ'ಯನ್ನೂ ಸೇರಿಸುತ್ತಾರೆ. ಮಧ್ವರ ಮತದಲ್ಲಿ, ಮಳಖೇಡದ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ವಿವರಿಸುವಂತೆ, ವಸ್ತುವನ್ನು ಇದ್ದಂತೆ ತಿಳಿಸುವುದೇ ಪ್ರಮಾಣವಾದ್ದರಿಂದ ಸ್ಮೃತಿಯೂ ಪ್ರಮಾಣವೇ, ಮನಸ್ಸೆಂಬ ಇಂದ್ರಿಯದ ಪ್ರತ್ಯಕ್ಷವೇ. ಹಿಂದಿನದನ್ನು ಹಿಂದಿನದಾಗಿಯೇ ಕಾಣುವುದೂ ಒಂದು ಬಗೆಯ ಕಾಣ್ಕೆ ಎಂದು ಒಪ್ಪಿದ ಮೇಲೆ, ಸವೆದುಹೋಯಿತೆಂದು ಹೇಳಿ ಋಣದಿಂದ ಜಾರಿಕೊಳ್ಳುವ ದಾರಿ ಮುಚ್ಚುತ್ತದೆ.

ಈ ವಿಚಾರವನ್ನು ಪರೀಕ್ಷಿಸಿ ನೋಡಲು ಪುಣೆಯ ಚರಿತ್ರೆಯಲ್ಲೇ ಒಂದು ಕಠಿಣವಾದ ನಿದರ್ಶನವಿದೆ. ಬಾಳ ಗಂಗಾಧರ ತಿಲಕರೂ ಗೋಪಾಳ ಗಣೇಶ ಆಗರಕರರೂ 1856ರ ಜುಲೈ ತಿಂಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹುಟ್ಟಿದವರು. 1870ರ ದಶಕದ ಕೊನೆಯಲ್ಲಿ ಡೆಕ್ಕನ್ ಕಾಲೇಜಿನಲ್ಲಿ, ಒಬ್ಬರು ಕಾನೂನು ಓದುತ್ತ ಇನ್ನೊಬ್ಬರು ಎಂ.ಎ. ಓದುತ್ತ ಇದ್ದಾಗ, ಸರ್ಕಾರಿ ನೌಕರಿಗೆ ಹೋಗದೆ ಶಿಕ್ಷಣಕ್ಕೆ ಬಾಳನ್ನು ಮುಡಿಪಾಗಿಡುವ ನಿರ್ಧಾರಕ್ಕೆ ಬಂದರು. ಕಟ್ಟುನಿಟ್ಟಾಗಿ ನೋಡಿದರೆ ಅವರದು ಒಂದೇ ತರಗತಿಯಲ್ಲ, ಒಂದೇ ತೀರ್ಥ. ವಿಷ್ಣುಶಾಸ್ತ್ರಿ ಚಿಪಳೂಣಕರರೊಡನೆ 1880ರ ಜನವರಿಯಲ್ಲಿ ತೆರೆದ ನ್ಯೂ ಇಂಗ್ಲಿಷ್ ಸ್ಕೂಲು, 1881ರ ಕೇಸರಿ ಪತ್ರಿಕೆ, 1884ರ ಡೆಕ್ಕನ್ ಎಜುಕೇಶನ್ ಸೊಸೈಟಿ, 1885ರ ಫರ್ಗ್ಯುಸನ್ ಕಾಲೇಜು, ಇವೆಲ್ಲ ಆ ನಿರ್ಧಾರದ ಫಲಗಳು. ಕೊಲ್ಹಾಪುರದ ದಿವಾನರ ಬಗ್ಗೆ ಬರೆದುದಕ್ಕಾಗಿ 1882ರಲ್ಲಿ ಇಬ್ಬರೂ ಮುಂಬಯಿಯ ಡೋಂಗರಿ ಜೈಲಿನಲ್ಲಿ 101 ದಿನ ಕಳೆದರು. ಆಗರಕರರು ಆ ದಿನಗಳ ಕುರಿತು ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದರು.

ಆದರೆ ದೇವರು, ಶಾಸ್ತ್ರ, ಸಮಾಜ ಸುಧಾರಣೆ ಈ ವಿಷಯಗಳಲ್ಲಿ ಇಬ್ಬರ ದಾರಿಗಳು ಬೇರೆಯಾದವು. ಬುದ್ಧಿಯ ಒರೆಗಲ್ಲಿಗೆ ಹಚ್ಚದ ಯಾವುದನ್ನೂ ಒಪ್ಪದ ಆಗರಕರರು ಕೇಸರಿಯನ್ನು ಬಿಟ್ಟು 1888ರಲ್ಲಿ 'ಸುಧಾರಕ' ಪತ್ರಿಕೆಯನ್ನು ಆರಂಭಿಸಿದರು. ಆಜೀವ ಸದಸ್ಯರು ಹೊರಗಿನ ಸಂಪಾದನೆಯನ್ನು ಪೂರ್ತಿ ತ್ಯಜಿಸಬೇಕೆಂಬ ಮೂಲನಿಯಮ ಸಡಿಲವಾಯಿತೆಂಬುದೂ ಸೇರಿದಂತೆ ಹಲವು ಕಾರಣ ಕೊಟ್ಟು ತಿಲಕರು 1890ರಲ್ಲಿ ಸೊಸೈಟಿಗೆ ರಾಜೀನಾಮೆ ಕೊಟ್ಟಾಗ, ಅದರೊಡನೆ ಕಳೆದ ವರ್ಷಗಳನ್ನೆಲ್ಲ ಪರಿಶೀಲಿಸುವ ಒಂದು ದೀರ್ಘ ಹೇಳಿಕೆಯನ್ನೂ ಇಟ್ಟರು. ಜೈಲಿನ ನೆನಪಿನ ಪುಸ್ತಕವನ್ನೂ ಈ ರಾಜೀನಾಮೆಯ ಹೇಳಿಕೆಯನ್ನೂ ಒಂದೇ ತೀರ್ಥದ ಎರಡು ಹಿನ್ನೋಟಗಳೆಂದು ಓದಬಹುದು: ಮೊದಲನೆಯದರಲ್ಲಿ ಭೂತಕಾಲ ಹಂಚಿಕೊಂಡ ಅನ್ನ, ಎರಡನೆಯದರಲ್ಲಿ ಅದು ವ್ಯಾಜ್ಯದ ಕಾಗದ. 1892ರಿಂದ ಫರ್ಗ್ಯುಸನ್ನಿನ ಪ್ರಾಂಶುಪಾಲರಾಗಿದ್ದ ಆಗರಕರರು 1895ರ ಜೂನಿನಲ್ಲಿ ನಲವತ್ತು ತುಂಬುವ ಮೊದಲೇ ತೀರಿಕೊಂಡಾಗ, ವರ್ಷಗಟ್ಟಲೆ ಅವರೊಡನೆ ಕಾದಾಡಿದ ತಿಲಕರೇ ಕೇಸರಿಯಲ್ಲಿ ಅವರ ಬಗ್ಗೆ ಬರೆದರು. ನಾಸ್ತಿಕನೆಂದು ಹೆಸರಾದವನಿಗೂ, ಮುಂದೆ ಗೀತಾರಹಸ್ಯವನ್ನು ಬರೆಯಲಿದ್ದವನಿಗೂ ನಡುವೆ ನಂಬಿಕೆಯ ಐಕ್ಯ ಉಳಿದಿರಲಿಲ್ಲ, ಸ್ನೇಹವೂ ಬಹುಮಟ್ಟಿಗೆ ಉಳಿದಿರಲಿಲ್ಲ. ಉಳಿದದ್ದನ್ನು ಸತೀರ್ಥ್ಯತೆ ಎನ್ನದೆ ಬೇರೆ ಪದದಿಂದ ಕರೆಯುವುದು ಕಷ್ಟ. ಅಭಿಪ್ರಾಯ ಒಂದೇ ಆಗಿರಬೇಕೆಂದು ಪಾಣಿನಿಯ ಸೂತ್ರದಲ್ಲಿ ಎಲ್ಲೂ ಹೇಳಿಲ್ಲ.

ಇದೇ ಪುಣೆ, ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ, ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ತರುಣರಿಗೆ ಪದವಿಯ ಊರಾಗಿತ್ತು. ಆಲೂರು ವೆಂಕಟರಾಯರು ಫರ್ಗ್ಯುಸನ್ನಿನಲ್ಲಿ ಓದಿ 1903ರಲ್ಲಿ ಬಿ.ಎ. ಆದರು; ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು 'ನನ್ನ ಜೀವನ ಸ್ಮೃತಿಗಳು', ಕನ್ನಡಿಗರಿಗೆ ತಮ್ಮ ಭೂತಕಾಲವನ್ನು ನೆನಪಿಸಿಕೊಟ್ಟವರಿಗೆ ಒಪ್ಪುವಂಥದೇ. ದ. ರಾ. ಬೇಂದ್ರೆಯವರು ಅದೇ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವಿ ಪಡೆದು ಧಾರವಾಡಕ್ಕೆ ಮರಳಿದ ಮೇಲೆ ಅಲ್ಲಿ ಬೆಳೆದ ಗೆಳೆಯರ ಗುಂಪು, ಹೆಸರೇ ಹೇಳುವಂತೆ, ಆರಿಸಿಕೊಂಡ ಕೂಟ. ಇವರಿಬ್ಬರಿಗಿಂತ ಈ ಚರ್ಚೆಗೆ ಹೆಚ್ಚು ಹತ್ತಿರವಾದವರು ಗುರುದೇವ ರಾನಡೆ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಅವರು ಡೆಕ್ಕನ್ ಕಾಲೇಜಿನಲ್ಲಿ ಓದಿ ಫರ್ಗ್ಯುಸನ್ನಿನಲ್ಲಿ ಕಲಿಸಿದರು; ಶಾಲೆಯ ಹುಡುಗನಾಗಿದ್ದಾಗಲೇ, 1901ರಲ್ಲಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮೋಪದೇಶ ಪಡೆದಿದ್ದರು. ಲಿಂಗಾಯತರಾದ ನಿಂಬರಗಿ ಮಹಾರಾಜರಿಂದ ಬ್ರಾಹ್ಮಣರಾದ ಭಾವೂಸಾಹೇಬರಿಗೆ ಬಂದ ಆ ಸಂಪ್ರದಾಯದಲ್ಲಿ ಒಂದೇ ಗುರುವಿನ ಶಿಷ್ಯರು ಪರಸ್ಪರ 'ಗುರುಬಂಧು'ಗಳು. ಕನ್ನಡ ಮರಾಠಿಗಳ ಗಡಿಯನ್ನೂ ಜಾತಿಯ ಗಡಿಯನ್ನೂ ಲೆಕ್ಕಿಸದ ಈ ಪದ, ಸತೀರ್ಥ್ಯದ ಹಳೆಯ ಅರ್ಥವನ್ನೇ ಇಟ್ಟುಕೊಂಡು ಅದರ ಬಾಗಿಲನ್ನು ಅಗಲ ಮಾಡಿತು.

ಬಾಗಿಲು ಅಗಲ ಮಾಡಬೇಕಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಉಪನಯನದ ಅಧಿಕಾರವಿಲ್ಲದವರಿಗೆ ಗುರುಕುಲವಿಲ್ಲ, ಗುರುಕುಲವಿಲ್ಲದವರಿಗೆ ಸತೀರ್ಥ್ಯರಿಲ್ಲ. ಇಡೀ ಪರಿಭಾಷೆ ನಿಂತಿರುವುದು ಈ ಹೊರಗಿಡುವಿಕೆಯ ಮೇಲೆ. ಪುಣೆಯ ಭಿಡೆವಾಡೆಯಲ್ಲಿ 1848ರಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ ಹುಡುಗಿಯರ ಶಾಲೆಯನ್ನು ತೆರೆದ ಮೇಲೆ, ಅವರ ಶಾಲೆಯಲ್ಲಿ ಸುಮಾರು ಮೂರು ವರ್ಷ ಕಲಿತ ಮಾಂಗ ಜಾತಿಯ ಮುಕ್ತಾ ಸಾಳ್ವೆ ಎಂಬ ಹುಡುಗಿ ಮಾಂಗ ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದಗಳು ಬ್ರಾಹ್ಮಣರವೇ ಆದರೆ ಅವು ತಮ್ಮ ಗ್ರಂಥವಲ್ಲ, ಗ್ರಂಥವಿಲ್ಲದ ತಮಗೆ ಧರ್ಮ ಯಾವುದು ಎಂದು ಅವಳು ದೇವರನ್ನೇ ಕೇಳುತ್ತಾಳೆ. ಸಮಾವರ್ತನದಲ್ಲಿ ಆಚಾರ್ಯ ಮಾತನಾಡುತ್ತಾನೆ, ಶಿಷ್ಯ ಕೇಳುತ್ತಾನೆ. ಇಲ್ಲಿ ಹದಿನಾಲ್ಕರ ಆಸುಪಾಸಿನ ಶಿಷ್ಯೆ ಮಾತನಾಡುತ್ತಾಳೆ, ಅದೂ ತನ್ನೊಬ್ಬಳಿಗಾಗಿ ಅಲ್ಲದೆ ಶಾಲೆಯ ಹೊಸ್ತಿಲನ್ನೇ ತುಳಿಯದವರ ಪರವಾಗಿ. ಹೆಚ್ಚು ದೂರ ಸಾಗಿದವನೇ ನೆನೆಯಬೇಕೆಂಬ ನ್ಯಾಯ ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ಜೊತೆಯಲ್ಲಿ ಇರಬೇಕಾಗಿದ್ದು ಇರಲಾಗದವರೂ ಅವಳ ತರಗತಿಗೆ ಸೇರಿದ್ದಾರೆ.

ಈಗ ಪುಣೆಯಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಹನ್ನೊಂದನೆಯ ತರಗತಿಯ ಕೇಂದ್ರೀಕೃತ ಪ್ರವೇಶ ಆರಂಭವಾಗಿ, ಯಾವ ಕಾಲೇಜಿನಲ್ಲಿ ಯಾರಿಗೆ ಎಡೆ ಎಂಬ ಗುಣಾನುಕ್ರಮದ ಪಟ್ಟಿಗಳು ಒಂದರ ಹಿಂದೊಂದು ಹೊರಬೀಳುತ್ತವೆ. ಊರಿನಲ್ಲಿ ಕನ್ನಡ ಸಂಘ ನಡೆಸುವ ಶಾಲೆಯ ಮಕ್ಕಳಾಗಲಿ, ಮುನಿಸಿಪಾಲಿಟಿ ಶಾಲೆಯ ಮಕ್ಕಳಾಗಲಿ, ಒಂದೇ ವರ್ಗದಿಂದ ಹೊರಟವರು ಆ ಪಟ್ಟಿಯಲ್ಲಿ ಮೇಲೆ ಕೆಳಗೆ ಚದುರಿಹೋಗುತ್ತಾರೆ. ದ್ರೋಣನೂ ದ್ರುಪದನೂ ಬೇರೆಯಾಗುವುದು ಅಲ್ಲಿಂದ. ಅದಕ್ಕೆ ಮೊದಲು ಅವರ ಹೆಸರುಗಳು ಒಟ್ಟಿಗೆ ಇದ್ದದ್ದು ಹಾಜರಿ ಪುಸ್ತಕದಲ್ಲಿ. ಅಲ್ಲಿ ಅಂಕಗಳ ಕಾಲಮು ಇರುವುದಿಲ್ಲ. ದಿನವೂ ಬೆಳಿಗ್ಗೆ ಅದೇ ಕ್ರಮದಲ್ಲಿ ಹೆಸರು ಕೂಗುವಾಗ ಬಾರದವನ ಹೆಸರನ್ನೂ ಕೂಗುತ್ತಾರೆ, ಅವನು ಯಾಕೆ ಬಂದಿಲ್ಲವೆಂಬುದನ್ನು ಪಕ್ಕದಲ್ಲಿ ಕೂರುವವನು ಎದ್ದು ಹೇಳುತ್ತಾನೆ.